ಎಂಟನೇ ಕೂಗು

ಮೂರು ಗಂಟೆಗೆ ಗೇಮ್ ಕಂಪನಿಯ ಮೋಹನ್‌ಗೆ ನನ್ನ ಕಂಪ್ಯೂಟರ್ ಆಟ ತೋರಿಸಬೇಕಿತ್ತು. ಆಗ ಅದು ತಡವರಿಸಿದರೆ ನಾನು ನಾಲ್ಕು ವರ್ಷ ಕೂತು ಕಟ್ಟಿದ ಆಟವನ್ನು ಅವರ ಕಂಪನಿ ಕೈಬಿಡುತ್ತದೆ.

ಆಟ ಸರಳ. ಕಾಫಿ ಕೊಯ್ಯುವ ಎಂಟು ಜನ, ತೋಟಕ್ಕೆ ನುಗ್ಗಿದ ಆನೆಹಿಂಡು. ಎಂಟೂ ಜನರನ್ನು ಕೂಲಿಯವರ ಲೈನ್ ಮನೆಗೆ ಮುಟ್ಟಿಸಬೇಕು. ಎಂಟನೆಯವನಿಗೆ ಅಪ್ಪನ ಹೆಸರೇ ಇಟ್ಟಿದ್ದೆ, ಜವರಪ್ಪ. ಅಪ್ಪನನ್ನು ಆನೆ ತುಳಿದಾಗ ನಾನು ಆರನೇ ಕ್ಲಾಸು. ಆಟದಲ್ಲಾದರೂ ಅಪ್ಪ ಮನೆಗೆ ಬರಲಿ ಅನ್ನುವುದು ನನ್ನ ಹುಚ್ಚು.

ಕಂಪ್ಯೂಟರಿನ ಪ್ರೊಸೆಸರ್‌ನಲ್ಲಿ ಎಂಟು ಕೋರ್, ಅಂದರೆ ಎಂಟು ಆಳು. ಹಳೇ ಕ್ರಮದಲ್ಲಿ ಬರೆದ ನನ್ನ ಆಟದಲ್ಲಿ ಒಂದು ಆಳು ಬೆವರು ಸುರಿಸಿ ದುಡಿಯುತ್ತಿತ್ತು, ಉಳಿದ ಏಳು ಬದುವಿನ ಮೇಲೆ ಎಲೆಅಡಿಕೆ ಹಾಕಿಕೊಂಡು ಕೂತಿದ್ದವು. ಆನೆ ಹೆಚ್ಚಾದಂತೆ ಆಟ ತೆವಳುತ್ತಿತ್ತು. ಹೋದ ವಾರ ಕೆಲಸವನ್ನು ಎಂಟಕ್ಕೂ ಹಂಚಿದೆ. ಆಟ ಓಡಿತು, ಆದರೆ ಇನ್ನೂ ಕೆಟ್ಟದ್ದಾಯಿತು. ಆನೆ ನಡೆಸುವ ಕೋರ್ ಮುಗಿಸುವ ಮೊದಲೇ ಚಿತ್ರ ಬಿಡಿಸುವ ಕೋರ್ ಮುಂದೆ ಹೋಗಿಬಿಡುತ್ತಿತ್ತು. ಪರದೆಯ ಮೇಲೆ ಆನೆಯೇ ಇಲ್ಲ, ಜವರಪ್ಪ ಮಾತ್ರ ದೊಪ್ಪನೆ ಬೀಳುತ್ತಿದ್ದ.

ಅವ್ವನಿಗೆ ಹೇಳಿದೆ. ಅವ್ವ ಗಂಗಾಮಣಿ, ಕೆ. ಹೊಸಕೋಟೆ ಹತ್ತಿರದ ಎಸ್ಟೇಟಿನಲ್ಲಿ ಅಪ್ಪನ ಜೊತೆಗೇ ಕಾಫಿ ಕೊಯ್ದವಳು.

"ಹಂಚ್‌ಬುಟ್ರೆ ಆಯ್ತೇನೆ? ಸಾಲು ಮುಗೀತಿದ್ದಂಗೆ ಒಬ್ಬೊಬ್ರೂ ಕೂ ಅನ್ಬೇಕು. ಎಲ್ರ ಕೂಗೂ ಬರೋಗಂಟ ಯಾರೂ ಮುಂದ್ಕೆ ಹೋಗಂಗಿಲ್ಲ. ಆನೆ ಇರೋ ತೋಟದಾಗೆ ಅದೇ ಕಟ್ಟುಪಾಡು ಕಣೆ," ಅಂದಳು.

ಅದನ್ನೇ ಬರೆದೆ. ಎಂಟೂ ಕೋರ್ ಮುಗೀತು ಅನ್ನುವ ತನಕ ಯಾವುದೂ ಕದಲಬಾರದು.

ಮೂರಕ್ಕೆ ಸರಿಯಾಗಿ ಮೋಹನ್ ಫೋನ್ ಬಂತು. ನನ್ನ ಪರದೆ ಅವರಿಗೂ ಕಾಣುತ್ತಿತ್ತು. ಕೋರ್‌ಗಳು ಒಂದಕ್ಕೊಂದು ಕಾಯುವ ಹೊಸ ಕ್ರಮವನ್ನು ಅವರಿಗೆ ಹೇಳಿದೆ. ಅವ್ವ ಪಕ್ಕದಲ್ಲಿ ಬಂದು ಕೂತಳು. ಇಪ್ಪತ್ತು ಆನೆ ಇಳಿದವು, ಒಂದೂ ಮಾಯವಾಗಲಿಲ್ಲ. ಏಳು ಜನ ಮನೆ ಸೇರಿದರು. ಜವರಪ್ಪ ಇನ್ನೂ ತೋಟದ ನಡುವೆ ಇದ್ದಾಗ ಎಲ್ಲವೂ ನಿಂತುಹೋಯಿತು. ಪರದೆಯ ಮೂಲೆಯ ಪಟ್ಟಿಯಲ್ಲಿ ಏಳು ಕೋರ್ ಮುಗೀತು ಅಂತ ಹಸಿರಾಗಿದ್ದವು. ಎಂಟನೆಯದರಿಂದ ಉತ್ತರವಿಲ್ಲ.

"ಹ್ಯಾಂಗ್ ಆಯ್ತಲ್ಲ ಗಗನಾ," ಎಂದರು ಮೋಹನ್. "ಆ ಕಾಯೋದನ್ನ ತೆಗೆದುಬಿಡಿ, ಏಳೇ ಮುಂದಕ್ಕೆ ಹೋಗಲಿ. ಒಬ್ಬ ತಾನೆ ಬೀಳೋದು?"

ಮೋಹನ್ ಒಳ್ಳೆಯವರೇ, ಅವರಿಗೆ ಅದು ಆಟ. ಕಾಯುವುದನ್ನು ನಿಲ್ಲಿಸಲು ಒಂದು ಕೀ ಒತ್ತಿದರೆ ಸಾಕಿತ್ತು. ಹೇಳಲು ನಾಚಿಕೆ, ನನ್ನ ಬೆರಳು ಆಗಲೇ ಅದರ ಮೇಲಿತ್ತು.

ಅವ್ವ ನನ್ನ ಮಣಿಕಟ್ಟು ಹಿಡಿದಳು.

"ಬ್ಯಾಡ ಕಣೆ ಮಗಾ. ಅವತ್ತೂ ಏಳೇ ಕೂಗು ಬಂದಿದ್ದು, ನಿಮ್ಮಪ್ಪಂದು ಬರ್ನಿಲ್ಲ. ಹೊತ್ತಾಯ್ತು ಅಂತ ಎಲ್ರೂ ಹೊಂಟ್‌ಬುಟ್ರು. ನಾನೂ ಹೊಂಟ್‌ಬುಟ್ಟೆ."

ಹದಿನಾರು ವರ್ಷದಲ್ಲಿ ಈ ಮಾತು ಅವಳ ಬಾಯಿಂದ ಬಂದಿರಲಿಲ್ಲ. ಫೋನಿನಲ್ಲಿ ಮೋಹನ್ "ಹಲೋ, ಹಲೋ" ಅನ್ನುತ್ತಿದ್ದರು. ನಾನು ಬೆರಳು ತೆಗೆದೆ. ಅವ್ವ ಬಾಯಿಗೆ ಕೈ ಅಡ್ಡ ಹಿಡಿದು, ನಿಂತ ಪರದೆಯ ಕಡೆ ಬಾಗಿ, ಕೂ ಎಂದು ಕೂಗಿದಳು. ಕೂಗಿ, ಉತ್ತರಕ್ಕೆ ಕಿವಿಗೊಟ್ಟು ಕೂತಳು.