ಕೌಸಲ್ಯಳ ಹರಳು

ಸಾವಿರದ ಒಂಬೈನೂರ ಐವತ್ತೆಂಟರಲ್ಲಿ ನಾನು ತುಮಕೂರಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು. ಒಂದು ದಿನ ನನ್ನ ಹೆಂಡತಿ ಕೌಸಲ್ಯ ನಗುತ್ತಾ ತನ್ನದೊಂದು ಕೂದಲು ಕಿತ್ತುಕೊಟ್ಟಳು. ಅದರ ತುದಿಗೆ, ಭೇದಿಯಾಗಲು ಕೊಡುವ ಎಪ್ಸಮ್ ಉಪ್ಪಿನ ಹರಳೊಂದನ್ನು ಕಟ್ಟಿ ಅದೇ ಉಪ್ಪಿನ ನೀರಿನಲ್ಲಿ ಇಳಿಬಿಟ್ಟೆ. ಕೂದಲನ್ನು ಒಳಗಿಟ್ಟುಕೊಂಡೇ ಅದು ಗಾಜಿನಂತೆ ಹೆಬ್ಬೆರಳುದ್ದ ಬೆಳೆಯಿತು.

ಮರುವರ್ಷ ಕೌಸಲ್ಯ ಹೆರಿಗೆಯಲ್ಲಿ ತೀರಿಕೊಂಡಳು. ಅಮ್ಮ ಅವಳ ಸೀರೆಗಳನ್ನು ಹಂಚಿ, ಬಾಚಣಿಗೆಯನ್ನೂ ಎಸೆದಳು. ನಾನು ತಡೆಯಲಿಲ್ಲ. ಬಿಗಿ ಮುಚ್ಚಳದ ಸೀಸೆಯಲ್ಲಿ ಹರಳಿತ್ತಲ್ಲ.

ಅಂಥ ಹರಳನ್ನು ಒಳಗಿನ ನೀರೇ ಹೈಡ್ರೋಜನ್ ಬಂಧಗಳಿಂದ ಹಿಡಿದಿಟ್ಟಿರುತ್ತದೆ, ನೀರು ಹೋದರೆ ಪುಡಿಯಾಗುತ್ತದೆ ಎಂದು ಹುಡುಗರಿಗೆ ನೂರು ಸಲ ಹೇಳಿದ ಮೂರ್ಖ ನಾನು, ಅಮ್ಮನಿಗೆ ಒಮ್ಮೆಯೂ ಹೇಳಿರಲಿಲ್ಲ.

ಬೇಸಿಗೆಯಲ್ಲಿ ಪರೀಕ್ಷೆಯ ಕೆಲಸಕ್ಕೆ ಗುಬ್ಬಿಗೆ ಹೋಗಿ ವಾರದ ಮೇಲೆ ಬಂದಾಗ ಸೀಸೆಯಲ್ಲಿ ಬಿಳಿ ಪುಡಿಯಿತ್ತು.

"ನಿನ್ನ ಉಪ್ಪು ಸೆಕೆಗೆ ನೀರು ಬಿಟ್ಕೊಂಡಿತ್ತು ಕಣೋ, ಮೊರದಲ್ಲಿ ಹಾಕಿ ಬಿಸಿಲಲ್ಲಿ ಒಣಗಿಸ್ದೆ" ಎಂದಳು ಅಮ್ಮ. "ಅದರಲ್ಲಿ ಒಂದು ಕೂದಲಿತ್ತು. ತೆಗೆದು ಬಿಸಾಕ್ದೆ."