ಎರಡನೆಯ ಹ್ಯಾಂಡಲ್

ಆ ಹಳೆಯ ಹೊಲಮನೆಯ ಚರಿತ್ರೆ ಬರೆದುಕೊಳ್ಳಲು ಎಂಜಿನಿಯರುಗಳು ಹನ್ನೊಂದಕ್ಕೆ ಬರುವವರಿದ್ದರು. ದೇಶದ ಅರ್ಧ ಹೊಲಗಳಲ್ಲಿ ಓಡುವ ಒಕ್ಕಣೆ ಯಂತ್ರ ಮೊದಲು ಹುಟ್ಟಿದ್ದು ಇಲ್ಲಿನ ಕೊಟ್ಟಿಗೆಯಲ್ಲಿ. ಹುಟ್ಟಿಸಿದವನು ಅವಳ ಅಪ್ಪ. ಹೆಸರು, ಹೊಲ, ಕಾರ್ಖಾನೆ ದಕ್ಕಿದ್ದು ಮಾತ್ರ ಚಿಕ್ಕಪ್ಪನಿಗೆ.

ಅಪ್ಪನದೊಂದು ಕಟ್ಟಳೆ ಇತ್ತು, ಆ ಯಂತ್ರ ಬಲ್ಲವರಿಗೆಲ್ಲ ಗೊತ್ತಿದ್ದದ್ದು. ಎಂಜಿನ್ ತಿರುಗಿಸುವ ಹ್ಯಾಂಡಲ್ ಮನೆಗೆಲ್ಲ ಒಂದೇ. ಯಂತ್ರದೊಳಗೆ ಇಳಿಯುವವನು ಅದನ್ನು ಸೊಂಟಕ್ಕೆ ಕಟ್ಟಿಕೊಂಡೇ ಇಳಿಯಬೇಕು. ಆಗ ಹೊರಗಿನಿಂದ ಯಾರೂ ಚಾಲೂ ಮಾಡಲಾರರು. ಅಂಥ ಅಪ್ಪನೇ ಒಂದು ದಿನ ಡ್ರಮ್ಮಿನ ಹಲ್ಲಿಗೆ ಸಿಕ್ಕಿ ಚಿಂದಿಯಾದ. ಜನ ಓಡಿ ಬಂದಾಗ ಹ್ಯಾಂಡಲ್ ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು. ‘ಅಣ್ಣ ಕಟ್ಟಿಕೊಳ್ಳೋದು ಮರೆತಿದ್ದ, ಒಳಗಿದ್ದಾನೆ ಅಂತ ಗೊತ್ತಾಗದೆ ಚಾಲೂ ಮಾಡಿಬಿಟ್ಟೆ’ ಎಂದು ಚಿಕ್ಕಪ್ಪ ಎದೆ ಬಡಿದುಕೊಂಡ. ಎಲ್ಲರೂ ಸತ್ತವನನ್ನೇ ಬೈದರು. ಮೂವತ್ತು ವರ್ಷ ಅವಳೂ ಬೈದಿದ್ದಳು. 

ಆದರೆ ಈ ಬೆಳಿಗ್ಗೆ ಅತಿಥಿಗಳಿಗಾಗಿ ಕೊಟ್ಟಿಗೆ ಗುಡಿಸುವಾಗ, ಚಿಕ್ಕಪ್ಪ ಕಬ್ಬಿಣ ಕಡೆಯುವ ಲೇತ್ ಕೆಳಗಿನ ಸಡಿಲ ಕಲ್ಲು ಎದ್ದುಬಂದಿತ್ತು. ಅಡಿಯಲ್ಲಿ ಎಣ್ಣೆಬಟ್ಟೆ ಸುತ್ತಿದ ಇನ್ನೊಂದು ಹ್ಯಾಂಡಲ್. ಅದರ ಹಿಡಿಯ ಮೇಲೆ, ಚಿಕ್ಕಪ್ಪ ತಾನು ಕಡೆದ ಪ್ರತಿಯೊಂದಕ್ಕೂ ಒತ್ತುವ ಮೂರು ಚುಕ್ಕೆ.

ಚಿಕ್ಕಪ್ಪ ಯಂತ್ರದೊಳಗೆ ಕೂತು ಹಲ್ಲು ಉಜ್ಜುತ್ತಿದ್ದ, ಡ್ರಮ್ಮಿನದು.

“ಚಿಕ್ಕಪ್ಪಾ, ಮನೇಲಿ ಹ್ಯಾಂಡಲ್ ಎಷ್ಟಿವೆ?”

“ಒಂದೇ ಕಣೇ. ನನ್ನ ಸೊಂಟದಲ್ಲಿದೆಯಲ್ಲ, ಕಣ್ಣು ಕಾಣಲ್ವಾ?”

“ಹಂಗಾದ್ರೆ ನನ್ನ ಕೈಯಲ್ಲಿರೋದೇನು?”

ಬ್ರಶ್ಶಿನ ಸದ್ದು ನಿಂತಿತು.

“ಇಡೇ ಅದನ್ನ! ಯಂತ್ರದ ನಕ್ಷೆ ಮೇಲೆ ನನ್ನ ಹೆಸರು ಹಾಕಲ್ಲ ಅಂದ ನಿಮ್ಮಪ್ಪ. ಹಗಲೂ ರಾತ್ರಿ ಕಬ್ಬಿಣ ಕಡೆದೋನು ನಾನು!”

“ಅದಕ್ಕೆ ಅಣ್ಣನ್ನೇ ಕೊಂದುಬಿಟ್ಯಾ?”

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಅವಳು ಹ್ಯಾಂಡಲ್ ಸಿಕ್ಕಿಸಿ ಇದ್ದ ಬಲವನ್ನೆಲ್ಲ ಹಾಕಿ ತಿರುಗಿಸಿದಳು. ಎಂಜಿನ್ ಕೆಮ್ಮಿ ಹತ್ತಿಕೊಂಡಿತು. ಬೆಲ್ಟು ಪಟಪಟನೆ ಬಡಿಯಿತು, ಡ್ರಮ್ ಮೊರೆಯಿತು. ಚಿಕ್ಕಪ್ಪ ಹೊರಗೆ ಹಾರಿದ; ಮೈ ಬಂತು, ಬಲಗೈ ಬರಲಿಲ್ಲ. ಎಂಜಿನ್ನಿನ ಸದ್ದಿನ ಮೇಲೂ ಮೂಳೆ ಲಟಲಟನೆ ಮುರಿದದ್ದು ಕೇಳಿಸಿತು. ರಕ್ತ ಗೋಡೆಗೆ ಚಿಮ್ಮಿತು, ಅವಳ ಬಾಯಿಗೂ. ಒಂದು ಗಳಿಗೆ ಅವಳಿಗೆ ಹಾಯೆನಿಸಿತು. ಆಮೇಲೆ ಹಾಗನಿಸಿದ್ದಕ್ಕೆ ಅವಳಿಗೇ ಹೇಸಿಗೆಯಾಯಿತು.

ಎಂಜಿನ್ ಆರಿಸಿ, ತನ್ನ ಸೆರಗು ಹರಿದು, ಅವನ ತೋಳಿನ ಉಳಿದ ತುಂಡಿಗೆ ಬಿಗಿದಳು. ಗೇಟಿನ ಬಳಿ ಕಾರು ಹಾರನ್ ಮಾಡಿತು.

ಅವನು ಎಡಗೈಯಲ್ಲಿ ತಡಕಾಡಿ ಸೊಂಟದ ಹ್ಯಾಂಡಲ್ ಬಿಚ್ಚಿ ಅವಳತ್ತ ಚಾಚಿದ. ಹಲ್ಲು ಕಟಕಟ ಅನ್ನುತ್ತಿತ್ತು.

“ತಗೋ, ಮೊಳೆಗೆ ಹಾಕು. ಕಟ್ಟಿಕೊಳ್ಳೋದು ನಾನೇ ಮರೆತೆ ಅಂತೀನಿ. ಅವತ್ತು ಅಣ್ಣನ ಸೊಂಟದಿಂದ ಬಿಚ್ಚಿ ಹಂಗೇ ಹಾಕಿದ್ದೆ.”

ಅವಳು ತೆಗೆದುಕೊಂಡಳು. ಕೈಗೆ ಬೆಚ್ಚಗೆ ಅಂಟಿತು. ಮೊಳೆಗೆ ನೇತುಹಾಕಿದಳು. ಅದೇ ಮೊಳೆಗೆ, ಅದರ ಪಕ್ಕದಲ್ಲೇ, ಎರಡನೆಯದನ್ನೂ ನೇತುಹಾಕಿದಳು.

“ಬರ್ತಿರೋರು ಎಂಜಿನಿಯರುಗಳು ಚಿಕ್ಕಪ್ಪ. ಎರಡರ ತನಕ ಎಣಿಸೋಕೆ ಬರುತ್ತೆ.”

ಕೈ ತೊಳೆಯದೆಯೇ ಗೇಟು ತೆರೆಯಲು ಹೋದಳು.