ಮುಚ್ಚಳದ ಮೇಲಿನ ಹಳದಿ ಅಂಕಿ

ಬಣ್ಣ ಕರಗಿಸುವ ಥಿನ್ನರಿನ ವಾಸನೆ ಸುರ್ರನೆ ಮೂಗಿಗೇರಿತು, ಬಟ್ಟೆ ಒದ್ದೆಯಾಗಿದೆ, ಎರಡು ಸಲ ಉಜ್ಜಿದರೆ ಮುಗಿಯಿತು, ಆದರೆ ಅಬ್ದುಲ್ ಗಫೂರನ ಕೈ ಏಳುತ್ತಿಲ್ಲ — ಎದುರಿಗೆ ಮರದ ಸ್ಟ್ಯಾಂಡಿನ ಮೇಲೆ ಮೊಯಿನ್ ಓಡಿಸುತ್ತಿದ್ದ ಸ್ಪೀಡ್‌ಬೋಟಿನ ಇಂಜಿನ್, ಕುಮಟೆಯಿಂದ ಘಟ್ಟ ಹತ್ತಿಸಿ ತಂದಿಳಿಸಿ ಮೂರು ದಿನವಾಯಿತು, ಸಂದಿಯಲ್ಲಿ ಇನ್ನೂ ಮರಳು, ಮುಚ್ಚಳದ ಮೇಲೆ ಹಳದಿ ಬಣ್ಣದಲ್ಲಿ 550, ಐದಕ್ಕೆ ಉದ್ದನೆಯ ಬಾಲ. ಶಿರಸಿಗೆ ಸಮುದ್ರವಿಲ್ಲ, ದೋಣಿ ಇಂಜಿನ್ ಬಿಚ್ಚುವ ಮಿಸ್ತ್ರಿ ಮಾತ್ರ ಇದ್ದಾನೆ ಎಂದು ಜನ ನಗುತ್ತಿದ್ದರು, ಮೊಯಿನ್ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ, ತಮ್ಮ, ಹೆಗಲ ಮೇಲೆ ಕೂರಿಸಿ ಪೇಟೆ ತೋರಿಸಿದ ತಮ್ಮ. ಪ್ರವಾಸಿಗರನ್ನು ಬೋಟಿನಲ್ಲಿ ಸುತ್ತಿಸುವ ಕೆಲಸ ಹಿಡಿದಾಗ ಗ್ಯಾರೇಜಿನ ಇದೇ ಕಟ್ಟೆಯ ಮೇಲೆ ಕೂರಿಸಿ ಪಾಠ ಹೇಳಿದ್ದು ತಾನೇ, ನೋಡು ಮಾರಾಯ, ಲಾರಿಗೆ ಕಿಲೋಮೀಟರ್ ಲೆಕ್ಕ, ದೋಣಿಗೆ ಗಂಟೆ ಲೆಕ್ಕ, ಲಾರಿ ಹತ್ತಿದ ಮೇಲೆ ಇಳೀತದೆ, ಉಸಿರು ಬಿಡ್ತದೆ, ದೋಣಿಗೆ ಇಳಿಜಾರೇ ಇಲ್ಲ, ಓಡಿದಷ್ಟು ಹೊತ್ತೂ ದೇವಿಮನೆ ಘಟ್ಟ ಹತ್ತಿದ ಹಾಗೇ, ನೂರು ಗಂಟೆಗೆ ಎಣ್ಣೆ ಬದಲಿಸಬೇಕು, ಐನೂರಕ್ಕೆ ಪೂರ್ತಿ ಬಿಚ್ಚಬೇಕು, ಪಿಸ್ಟನ್, ರಿಂಗು, ಬೇರಿಂಗು, ಒಂದೂ ಬಿಡಬಾರದು. ಆಯ್ತು ಭಾಯಿ, ಮೀಟರಿನಲ್ಲಿ ನೀವು ಬರೆದ ನಂಬರ್ ಬಂದ ದಿನ ನಿಲ್ಲಿಸ್ತೇನೆ, ಎಂದಿದ್ದ ಮೊಯಿನ್. ಅಂದಿನಿಂದ ಬಿಚ್ಚಬೇಕಾದ ಗಂಟೆಯನ್ನು ಮುಚ್ಚಳದ ಮೇಲೆ ಬರೆಯುವುದು ಗಫೂರನೇ, ಮೊಯಿನ್ ಅದನ್ನು ತಾಯಿತದಂತೆ ನಂಬಿದ.

ನಿಲ್ಲಿಸಲೆಂದೇ ಬಂದಿದ್ದನಲ್ಲ, ಏಪ್ರಿಲ್‌ನಲ್ಲಿ, ಬೋಟನ್ನೇ ಟ್ರೇಲರಿನ ಮೇಲೆ ಎಳೆದುಕೊಂಡು, ಭಾಯಿ, ನಾನೂರ ತೊಂಬತ್ತಾಯ್ತು, ಬಿಚ್ಚಿ — ಆಗ ಗ್ಯಾರೇಜಿನೆದುರು ಆರು ಲಾರಿಗಳು ಸಾಲಾಗಿ ನಿಂತಿದ್ದವು, ಗಫೂರ್ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ ಹಿಡಿಯನ್ನು ಕಿವಿಗೆ ಕೊಟ್ಟ, ಮೂವತ್ತೈದು ವರ್ಷ ಲಾರಿಗಳ ಎದೆ ಕೇಳಿದ ಕಿವಿ, ಈ ಕಿವಿ ಎಂದೂ ಸುಳ್ಳು ಹೇಳಿಲ್ಲ ಎಂಬ ಹಮ್ಮು, ಸದ್ದು ಹಾಲಿನಂತಿತ್ತು. ಎಂತದೂ ಆಗ್ಲಿಲ್ಲ ಇದಕ್ಕೆ, ಮಳೆಗಾಲಕ್ಕೆ ಬೋಟು ಹೇಗೂ ನಿಲ್ತದೆ, ಆಗ ಬಿಚ್ಚುವ. ನೀವೇ ಹೇಳಿದ್ದು ಐನೂರು ಅಂತ. ಈಗ ಹೇಳೋದೂ ನಾನೇ. ಇದೇ ಬಟ್ಟೆಯಲ್ಲಿ 500 ಒರೆಸಿ 550 ಬರೆದ, ಮೊಯಿನ್ ಅಂಕಿಯನ್ನು ನೋಡಿದ, ಅಣ್ಣನನ್ನು ನೋಡಿದ, ಹೊರಟ. ಐನೂರ ಮೂವತ್ತೊಂದನೆಯ ಗಂಟೆಗೆ, ಹೊಳೆ ಸಮುದ್ರ ಸೇರುವ ಅಳಿವೆಯ ಬಾಯಲ್ಲಿ, ಪಿಸ್ಟನ್ ಕಚ್ಚಿಕೊಂಡಿತು, ನಿಂತ ಬೋಟಿಗೆ ಅಲೆ ಅಡ್ಡ ಹೊಡೆಯಿತು, ಬೋಟು ಮಗುಚಿತು, ಪ್ರವಾಸಿಗರು ಆರೂ ಮಂದಿ ಉಳಿದರು, ಹೆದರಿ ನಡುಗುತ್ತಿದ್ದ ಅಜ್ಜಿಗೆ ಮೊಯಿನ್ ತನ್ನ ಲೈಫ್ ಜಾಕೆಟ್ಟನ್ನೂ ತೊಡಿಸಿದ್ದನಂತೆ, ಎರಡನೆಯ ದಿನ ಹೆಣವಾಗಿ ಸಿಕ್ಕ. ಕಿವಿಯೇ, ನಿನ್ನನ್ನು ಏನು ಮಾಡಲಿ.

ಬಾಗಿಲಲ್ಲಿ ನೆರಳು, ಅರ್ಷಿಯಾ, ಮೊಯಿನ್‌ನ ಮಗಳು, ಗಫೂರ್ ಬಟ್ಟೆಯನ್ನು ಬೆನ್ನ ಹಿಂದೆ ಹಿಡಿಯುತ್ತಾನೆ, ಬಡೇ ಅಬ್ಬಾ, ಬೋಟಿನ ಮಾಲೀಕರು ಅಬ್ಬಾದೇ ತಪ್ಪು ಅಂತ ಪೊಲೀಸರಿಗೆ ಬರೆದು ಕೊಟ್ಟಿದ್ದಾರೆ, ಗಂಟೆ ಮೀರಿ ಓಡಿಸಲಿಕ್ಕೆ ನಂಬರ್ ಅಬ್ಬಾನೇ ತಿದ್ದಿದ್ದಂತೆ. ಹೇಳು ಗಫೂರ್, ಈಗಲೇ ಹೇಳು, ನಾನು ಬರೆದದ್ದು ಮಗಾ, ಮೂರೇ ಮಾತು, ಹೇಳಿದರೆ ಈ ಹುಡುಗಿ ಮತ್ತೆ ಈ ಹೊಸ್ತಿಲು ತುಳಿಯುವುದಿಲ್ಲ, ಹೇಳದಿದ್ದರೆ ಮೊಯಿನ್ ಇನ್ನೊಂದು ಸಲ ಮುಳುಗುತ್ತಾನೆ. ಅವಳು ಇಂಜಿನ್ನಿನ ಹತ್ತಿರ ಹೋದಳು, ಬಗ್ಗಿದಳು, ಚಿಕ್ಕವಳಿದ್ದಾಗ ತೊಡೆಯ ಮೇಲೆ ಕೂರಿಸಿಕೊಂಡು ಸ್ಲೇಟಿನಲ್ಲಿ ಅಂಕಿ ತಿದ್ದಿಸಿದ್ದೂ ತಾನೇ, ಅವಳ ಬೆರಳು ಹಳದಿ ಬಣ್ಣದ ಮೇಲೆ ನಿಧಾನವಾಗಿ ಸಾಗಿತು, ನಿಂತಿತು. ಅಬ್ಬಾ ಐದಕ್ಕೆ ಬಾಲ ಹಾಕ್ತಿರಲಿಲ್ಲ, ಬಡೇ ಅಬ್ಬಾ. ಅವಳು ತಿರುಗಿ ನೋಡಲಿಲ್ಲ, ಬೆರಳು ಎತ್ತಲಿಲ್ಲ, ಬೆನ್ನ ಹಿಂದೆ ಬಟ್ಟೆಯಿಂದ ಥಿನ್ನರ್ ತೊಟ್ಟಿಕ್ಕುತ್ತಿದೆ, ಹೇಳು, ಬೆರಳಿನ ಕೆಳಗೆ ಐದು, ಐದರ ಬಾಲ, ಹಳದಿ, ಆ ಬಾಲ —